ಸೇವೆಯೂ ಶ್ರಮವೂ

ಧರ್ಮವಿಚಾರವೆಂದೊಡನೆ ಜನರ ಮನಸ್ಸು ರಾಜ್ಯತ್ಯಾಗ, ಸತ್ಯಪಾಲನೆ, ಪ್ರಾಣದಾನ ಮೊದಲಾದ ದೊಡ್ಡ ಸಂಗತಿಗಳ ಕಡೆಗೆ ಹರಿಯುತ್ತದೆ. ಗೃಹಸ್ಥನ ಧರ್ಮವಾದರೋ ಬಹುಮಟ್ಟಿಗೆ ಪರೀಕ್ಷೆಗೊಳಗಾಗುವುದು ಅಡಿಗೆಮನೆಯಲ್ಲಿ, ಬಚ್ಚಲಿನಲ್ಲಿ, ಹಾಸಿಗೆಯ ಬಳಿಯಲ್ಲಿ. ಹಾಸಿಗೆಯ ಮೇಲುಹಾಸನ್ನು ಬದಲಾಯಿಸುವ ಕೆಲಸವನ್ನು ಹಗುರಮಾಡತಕ್ಕ ಒಂದು ಸಣ್ಣ ಉಪಕರಣವು ಧರ್ಮಜಿಜ್ಞಾಸೆಗೆ ವಿಷಯವಾದೀತೆ ಎಂದು ವಾಚಕರು ಸಂಶಯಪಡಬಹುದು. ಮನೆಯಲ್ಲಿ ಹಿರಿಯರೊಬ್ಬರು ಹಾಸಿಗೆ ಹಿಡಿದಿದ್ದು, ಅವರನ್ನು ನೋಡಿಕೊಳ್ಳುವ ಕೈಗಳಿಗೂ ಮುಪ್ಪು ಬಂದಿರುವ ಪಕ್ಷದಲ್ಲಿ ಆ ಸಂಶಯವು ಒಂದು ವಾರದೊಳಗೆ ನಿವಾರಣೆಯಾಗುತ್ತದೆ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸೀಮೆಯಲ್ಲಿ ಹಾಸಿಗೆಯೆಂಬುದು ಹಿಂದೆ ಸುತ್ತಿಡುವ ವಸ್ತುವಾಗಿತ್ತು. ಚಾಪೆ, ಕಂಬಳಿ, ಜಮಖಾನ, ಅನುಕೂಲವುಳ್ಳವರಿಗೆ ಹತ್ತಿಯ ಹಾಸಿಗೆ. ಇರುಳು ಹಾಸಿದ್ದು ಬೆಳಗಾದರೆ ಮೂಲೆ ಸೇರುತ್ತಿತ್ತು. ಮೇಲುಹಾಸನ್ನು ಕೊಡವಿ ಹರಡಿದರೆ ಕೆಲಸ ಮುಗಿಯಿತು. ಈಗಿನ ಎಷ್ಟೋ ಮನೆಗಳಲ್ಲಿ ಮಂಚದ ಮೇಲೆ ತೆಂಗಿನ ನಾರಿನದೋ ಸ್ಪಂಜಿನದೋ ಸ್ಪ್ರಿಂಗಿನದೋ ದಪ್ಪ ಹಾಸಿಗೆಯು ಹಗಲಿರುಳೂ ಬಿದ್ದಿರುತ್ತದೆ. ಅದನ್ನು ಸುತ್ತುವಂತಿಲ್ಲ, ಒಬ್ಬರೇ ಎತ್ತುವಂತಿಲ್ಲ. ಮೇಲುಹಾಸು ಸುಕ್ಕಾಗದೆ ನಿಲ್ಲಬೇಕಾದರೆ ನಾಲ್ಕು ಮೂಲೆಗಳನ್ನೂ ಒಂದೊಂದಾಗಿ ಎತ್ತಿ, ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಬಟ್ಟೆಯ ಅಂಚನ್ನು ಕೆಳಕ್ಕೆ ಸೇರಿಸಬೇಕು. ಸುಖಕ್ಕೆಂದು ತಂದ ವಸ್ತುವು ತನ್ನ ಜೊತೆಯಲ್ಲಿ ಒಂದು ಹೊಸ ದುಡಿಮೆಯನ್ನೂ ತಂದಿತು.

ಈ ದುಡಿಮೆ ಎಷ್ಟು ಕಠಿಣವೆಂಬುದು ನೋಡುವವರಿಗೆ ತಿಳಿಯದು, ಬಗ್ಗುವವರಿಗೆ ತಿಳಿಯುತ್ತದೆ. ಮನುಷ್ಯನ ಬೆನ್ನು ಒಂದು ಸನ್ನೆಗೋಲಿನಂತೆ ಕೆಲಸಮಾಡುತ್ತದೆ. ಸೊಂಟದ ಬಳಿಯ ಬೆನ್ನೆಲುಬು ಅದರ ಆಧಾರಬಿಂದು. ಬೆನ್ನಿನ ಸ್ನಾಯುಗಳು ಈ ಬಿಂದುವಿಗೆ ಸುಮಾರು 5 ಸೆಂಟಿಮೀಟರ್ ಹಿಂದೆ ನಿಂತು ಎಳೆಯುತ್ತವೆ. ಬಗ್ಗಿ ಕೈಚಾಚಿದವರು ಹಿಡಿದ ಭಾರವು 50 ಸೆಂಟಿಮೀಟರ್ ಮುಂದಿರಬಹುದು. ಆದಕಾರಣ ಕೈಯಲ್ಲಿ 10 ಕಿಲೋಗ್ರಾಂ ಇದ್ದರೆ ಸ್ನಾಯುಗಳು ಅದರ ಹತ್ತರಷ್ಟು, ಅಂದರೆ 100 ಕಿಲೋಗ್ರಾಂ ಭಾರಕ್ಕೆ ಸಮನಾದ ಬಲದಿಂದ ಎಳೆಯಬೇಕಾಗುತ್ತದೆ. ಬಗ್ಗಿದ ಶರೀರದ ಸ್ವಂತ ಭಾರವು ಇದಕ್ಕೆ ಸೇರತಕ್ಕದ್ದು. ಅಮೆರಿಕ ದೇಶದ ಕಾರ್ಮಿಕಾರೋಗ್ಯ ಸಂಸ್ಥೆಯು 1991ರಲ್ಲಿ ಪರಿಷ್ಕರಿಸಿದ ಸೂತ್ರದ ಪ್ರಕಾರ, ಎಲ್ಲವೂ ಅನುಕೂಲವಾಗಿರುವ ಸ್ಥಿತಿಯಲ್ಲಿಯೂ ಎತ್ತತಕ್ಕ ಭಾರದ ಮೇರೆ 23 ಕಿಲೋಗ್ರಾಂ. ದೂರಕ್ಕೆ ಚಾಚಿದಷ್ಟೂ, ಮೈ ತಿರುಚಿದಷ್ಟೂ ಆ ಮೇರೆ ಕುಗ್ಗುತ್ತದೆ. ಹಾಸಿಗೆಯ ಮೂಲೆಯನ್ನು ಎತ್ತುವಾಗ ಚಾಚುವುದು, ತಿರುಚುವುದು ಎರಡೂ ತಪ್ಪದು.

ಈ ಕಷ್ಟಕ್ಕೆ ಪರಿಹಾರವಾಗಿ ಬಂದಿರುವ ಉಪಕರಣವು ಹಿಡಿಯುಳ್ಳ ಒಂದು ಬೆಣೆ. ಹಾಸಿಗೆಗೂ ಮಂಚದ ಹಲಗೆಗೂ ನಡುವೆ ಅದನ್ನು ತೂರಿಸಿ ತಳ್ಳಿದರೆ ಹಾಸಿಗೆಯ ಅಂಚು ತಾನಾಗಿ ಮೇಲೇಳುತ್ತದೆ. ಬೆಣೆಯು ಅಲ್ಲಿಯೇ ನಿಂತು ಭಾರವನ್ನು ಹೊತ್ತಿರುವುದರಿಂದ ಎರಡು ಕೈಗಳೂ ಬಿಡುವಾಗಿ ಬಟ್ಟೆಯನ್ನು ನೇರಮಾಡಬಹುದು. ರೋಗಿಯು ಹಾಸಿಗೆಯಲ್ಲಿಯೇ ಇರುವಾಗ ವಿಧಾನ ಬೇರೆ. ಅವರನ್ನು ಒಂದು ಮಗ್ಗುಲಿಗೆ ಹೊರಳಿಸಿ, ಹಳೆಯ ಹಾಸನ್ನು ಉದ್ದಕ್ಕೆ ಸುರುಳಿಮಾಡಿ ಬೆನ್ನಿನ ಬಳಿಗೆ ತಂದು, ಹೊಸದನ್ನು ಅರ್ಧ ಹಾಸಿ ಅರ್ಧ ಸುರುಳಿಯಾಗಿಟ್ಟು, ಬಳಿಕ ಈಚೆಯ ಮಗ್ಗುಲಿಗೆ ಹೊರಳಿಸಿ ಉಳಿದುದನ್ನು ಎಳೆದುಕೊಳ್ಳಬೇಕು. ರೋಗಿಯ ಕೆಳಗೆ ನುಣುಪಾದ ನೈಲಾನ್ ಬಟ್ಟೆಯ ಎರಡು ಪದರಗಳಿದ್ದರೆ ಒಂದರ ಮೇಲೊಂದು ಜಾರಿ ಘರ್ಷಣೆ ಕಡಮೆಯಾಗುತ್ತದೆ. ಬೆನ್ನಿನಿಂದ ತೊಡೆಯವರೆಗೆ ಅಡ್ಡಲಾಗಿ ಒಂದು ಕಿರಿಯ ಬಟ್ಟೆಯನ್ನು ಹಾಸಿದರೆ ಒದ್ದೆಯಾದಾಗ ಅದೊಂದನ್ನೇ ತೆಗೆಯಬಹುದು. ವರ್ಷಪೂರ್ತಿ ಹರಿಯುವ ನದಿಯಿಲ್ಲದ ಕೋಲಾರದಂಥ ಜಿಲ್ಲೆಯಲ್ಲಿ ಒಗೆಯುವ ನೀರೂ ಉಳಿಯುತ್ತದೆ. ತಿರುಗಿಸಿದರೆ ಏರಿಳಿಯುವ ಮಂಚವಿದ್ದರಂತೂ ಸೇವಕರು ಸೊಂಟ ಬಗ್ಗಿಸಬೇಕಾದ ಅಗತ್ಯವೇ ಬಹಳಮಟ್ಟಿಗೆ ತಪ್ಪುತ್ತದೆ.

ಇಷ್ಟರಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ತಂದೆತಾಯಿಗಳ ಸೇವೆಯನ್ನು ಮೈಬಗ್ಗಿಸಿ ಮಾಡಬೇಕು. ಶ್ರಮವನ್ನು ಉಳಿಸಿದರೆ ಪುಣ್ಯವೂ ಉಳಿದುಹೋಗುತ್ತದೆ. ಹಿಂದಿನವರು ಯಾವ ಬೆಣೆಯೂ ಇಲ್ಲದೆ ವರ್ಷಗಟ್ಟಲೆ ಶುಶ್ರೂಷೆ ಮಾಡಲಿಲ್ಲವೆ? ಯಂತ್ರವು ಮೊದಲು ಬೆನ್ನಿನ ಕೆಲಸವನ್ನು ತೆಗೆದುಕೊಂಡು, ಆಮೇಲೆ ಕೈಯ ಕೆಲಸವನ್ನು, ಕೊನೆಗೆ ಮನಸ್ಸಿನ ಕೆಲಸವನ್ನೂ ತೆಗೆದುಕೊಳ್ಳಲಾರದೆ? ಹೀಗೆಂದು ಕೇಳುವವರನ್ನು ಹಳೆಯ ಕಾಲದವರೆಂದು ತಳ್ಳಿಬಿಡುವುದು ನ್ಯಾಯವಲ್ಲ. ಪ್ರೀತಿಯು ತನಗಾಗಿ ಎಷ್ಟು ಕಷ್ಟವನ್ನು ಸಹಿಸಿತೆಂಬುದರಿಂದ ಅದನ್ನು ಅಳೆಯುವ ಅಭ್ಯಾಸ ಮನುಷ್ಯರಲ್ಲಿ ಬಹಳ ಆಳವಾಗಿದೆ.

ಆದರೆ ಪ್ರಾಚೀನ ವೈದ್ಯಶಾಸ್ತ್ರವು ಈ ಅಳತೆಯನ್ನು ಒಪ್ಪುವುದಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯದಲ್ಲಿ ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ನಾಲ್ಕು ಪಾದಗಳನ್ನು ಹೇಳಿದೆ; ಒಂದೊಂದಕ್ಕೂ ನಾಲ್ಕು ಗುಣಗಳು. ಪರಿಚಾರಕನ ಗುಣಗಳು ಉಪಚಾರದ ಅರಿವು, ದಕ್ಷತೆ, ಅನುರಾಗ, ಶುಚಿತ್ವ. ಕಷ್ಟಸಹಿಷ್ಣುತೆಯು ಈ ಪಟ್ಟಿಯಲ್ಲಿಲ್ಲ, ದಕ್ಷತೆಯಿದೆ. ದಕ್ಷನೆಂದರೆ ಅಲ್ಪಪ್ರಯತ್ನದಿಂದ ಕಾರ್ಯವನ್ನು ಚೆನ್ನಾಗಿ ಸಾಧಿಸುವವನು ತಾನೆ? ಸುಶ್ರುತನು ಸೂತ್ರಸ್ಥಾನದಲ್ಲಿ ಪರಿಚಾರಕನನ್ನು ವರ್ಣಿಸುವಾಗ ಸ್ನೇಹ, ಹೇಸದಿರುವಿಕೆ, ವೈದ್ಯನ ಮಾತಿನಂತೆ ನಡೆಯುವಿಕೆ ಇವುಗಳೊಡನೆ ಬಲವನ್ನೂ ಸೇರಿಸುತ್ತಾನೆ. ಶ್ರಮವಾದಿಗಳಿಗೆ ಇದು ಆಧಾರವಾಗಿ ತೋರಬಹುದು. ಆದರೆ ಅದೇ ಮಾತಿನಲ್ಲಿ ಅವನು ಇಟ್ಟಿರುವ ಇನ್ನೊಂದು ಗುಣ ಅಶ್ರಾಂತತೆ, ಅಂದರೆ ದಣಿಯದಿರುವುದು. ಶಾಸ್ತ್ರಕಾರನು ಹೊಗಳಿದ್ದು ದಣಿವನ್ನಲ್ಲ. ರೋಗಿಗೆ ಬೇಕಾಗಿರುವುದು ಮಧ್ಯರಾತ್ರಿಯ ಕೂಗಿಗೂ ಏಳಬಲ್ಲ ಮನುಷ್ಯ. ಹಗಲೆಲ್ಲ ಬೆನ್ನು ಮುರಿದುಕೊಂಡವರು ಆ ಕೂಗಿಗೆ ಏಳುವುದು ಹೇಗೆ? ಅರುವತ್ತು ದಾಟಿದ ಸೊಸೆಯು ಎಂಬತ್ತೈದರ ಅತ್ತೆಯನ್ನು ನೋಡಿಕೊಳ್ಳುತ್ತಿರುವ ಮನೆಯಲ್ಲಿ ಸುಶ್ರುತನು ಕೇಳುವ ಬಲವನ್ನು ಎಲ್ಲಿಂದ ತರಬೇಕು? ಬೆಣೆಯು ಕೊಡುವುದು ಆ ಸಾಲದ ಬಲವನ್ನು.

ಪಿತೃಸೇವೆಗೆ ಲೋಕವು ಮೇಲ್ಪಂಕ್ತಿಯಾಗಿ ಹೇಳುವುದು ಶ್ರವಣಕುಮಾರನನ್ನು. ಮುಳಬಾಗಿಲು ತಾಲ್ಲೂಕಿನ ಆವಣಿಯಲ್ಲಿ ವಾಲ್ಮೀಕಿಯ ಆಶ್ರಮವಿತ್ತೆಂದೂ ಸೀತೆಯು ಅಲ್ಲಿ ಕುಶಲವರನ್ನು ಹಡೆದಳೆಂದೂ ಸ್ಥಳದ ಜನರು ನಂಬಿರುವುದರಿಂದ ಈ ಸೀಮೆಯವರಿಗೆ ರಾಮಾಯಣವು ನೆರೆಮನೆಯ ಕಥೆಯಿದ್ದಂತೆ. ವಾಲ್ಮೀಕಿಯ ಕಾವ್ಯದಲ್ಲಿ ಆ ಮುನಿಕುಮಾರನಿಗೆ ಶ್ರವಣನೆಂಬ ಹೆಸರಿಲ್ಲ. ಕುರುಡರಾದ ತಂದೆತಾಯಿಗಳಿಗೆ ನೀರು ತರಲು ಹೋಗಿ ದಶರಥನ ಬಾಣಕ್ಕೆ ಗುರಿಯಾದನೆಂದಷ್ಟೇ ಇದೆ. ಕಾವಡಿಯನ್ನು ಅವನ ಹೆಗಲಿಗೆ ಕೊಟ್ಟದ್ದು ಜನರ ಬಾಯಿ. ಜನರು ಎಷ್ಟು ವಿವೇಕದಿಂದ ಕೊಟ್ಟಿದ್ದಾರೆಂಬುದನ್ನು ಗಮನಿಸಬೇಕು. ಇಬ್ಬರು ಮುದುಕರನ್ನು ತೋಳುಗಳಲ್ಲಿ ಎತ್ತಿಕೊಂಡು ತೀರ್ಥಯಾತ್ರೆ ಮಾಡುವುದು ಯಾರಿಗೂ ಸಾಧ್ಯವಿಲ್ಲ. ಭಾರವನ್ನು ಎರಡು ಕಡೆಗೆ ಸಮವಾಗಿ ಹಂಚಿ ಹೆಗಲಿಗೆ ತರುವ ಕಾವಡಿಯೂ ಒಂದು ಉಪಕರಣವೇ. ಕಾವಡಿ ಹೊತ್ತನೆಂದು ಶ್ರವಣನ ಭಕ್ತಿಯನ್ನು ಕಡಮೆಯೆಂದವರಿಲ್ಲ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ವಿಗ್ರಹಗಳನ್ನು ಕೆತ್ತುವ ಶಿಲ್ಪಿಗಳಿದ್ದಾರೆ. ಭಾರಿ ಶಿಲೆಯನ್ನು ಹಾರೆಯಿಂದ ಮೀಟಿ ಹೊರಳಿಸಿದರೆಂದು ಅದರಲ್ಲಿ ಮೂಡಿದ ದೇವರಿಗೆ ಕೈಮುಗಿಯದವರೂ ಇಲ್ಲ.

ಶ್ರಮವನ್ನು ಹೊಗಳುವವರು ಯಾರು, ಶ್ರಮಪಡುವವರು ಯಾರು ಎಂಬುದನ್ನೂ ವಿಚಾರಿಸಬೇಕು. ಬಹು ಮನೆಗಳಲ್ಲಿ ಮಗನು ಬೆಳಗಿನ ರೈಲಿಗೋ ಬಸ್ಸಿಗೋ ಬೆಂಗಳೂರಿಗೆ ಹೋಗಿ ಕತ್ತಲಾದ ಮೇಲೆ ಹಿಂದಿರುಗುತ್ತಾನೆ. ಹಾಸಿಗೆಯ ಬಳಿ ಉಳಿಯುವವಳು ಹೆಂಗಸು. ನೋಡಲು ಬಂದ ನೆಂಟರು ಕಾಫಿ ಕುಡಿದು, ಈಕೆಯಂಥ ಸೊಸೆಯನ್ನು ಪಡೆಯಲು ಪುಣ್ಯ ಮಾಡಿರಬೇಕೆಂದು ಹೇಳಿ ಹೊರಡುತ್ತಾರೆ. ಆ ಮಾತು ಸುಳ್ಳಲ್ಲ. ಆದರೆ ಅದರಿಂದ ಆಕೆಯ ಸೊಂಟದ ನೋವು ಕಡಮೆಯಾಗುವುದಿಲ್ಲ. ಸಹಿಸುವವಳನ್ನು ಸಹನೆಗಾಗಿ ಹೊಗಳಿ ಸಹನೆಯ ಕಾರಣವನ್ನು ಹಾಗೆಯೇ ಬಿಡುವುದು ಖರ್ಚಿಲ್ಲದ ಧರ್ಮ. ಕೃಷಿಗೆ ಟ್ರಾಕ್ಟರು ಬಂದಾಗ, ನೀರಿಗೆ ಮೋಟಾರು ಬಂದಾಗ ಪುಣ್ಯನಾಶದ ಪ್ರಶ್ನೆ ಏಳದೆ, ಹೆಂಗಸರ ಕೆಲಸವನ್ನು ಹಗುರಮಾಡುವ ವಸ್ತು ಬಂದಾಗ ಮಾತ್ರ ಆ ಪ್ರಶ್ನೆ ಏಳುವುದಾದರೆ ಅದರ ಮೂಲ ಶಾಸ್ತ್ರದಲ್ಲಿಲ್ಲ, ಸ್ವಾರ್ಥದಲ್ಲಿದೆ. 2007ರ ಕಾಯಿದೆಯು ತಂದೆತಾಯಿಗಳನ್ನೂ ಹಿರಿಯರನ್ನೂ ಪೋಷಿಸುವ ಹೊಣೆಯನ್ನು ಮಕ್ಕಳ ಮೇಲೆ ಹೊರಿಸಿದೆ. ಕಾಯಿದೆಯು ಹಣವನ್ನು ಕೊಡಿಸಬಲ್ಲದು. ಯಾರ ಬೆನ್ನು ಬಗ್ಗಬೇಕೆಂಬುದನ್ನು ಮನೆಯವರೇ ತೀರ್ಮಾನಿಸಬೇಕು.

ಇದಕ್ಕಿಂತ ಸೂಕ್ಷ್ಮವಾದುದು ಮಲಗಿರುವವರ ಮನಸ್ಸು. ತಮ್ಮಿಂದ ಇತರರಿಗಾಗುವ ಕಷ್ಟವನ್ನು ಅವರು ಸದಾ ಲೆಕ್ಕವಿಡುತ್ತಾರೆ. ಬಟ್ಟೆ ಒದ್ದೆಯಾದೀತೆಂದು ನೀರು ಕುಡಿಯುವುದನ್ನೇ ಕಡಮೆಮಾಡುವ ಮುದುಕರುಂಟು. ಒದ್ದೆಯಾದ ಮೇಲೂ, ಈಗತಾನೆ ಮಲಗಿದವಳನ್ನು ಎಬ್ಬಿಸುವುದೇಕೆಂದು ಬೆಳಗಿನವರೆಗೆ ಹಾಗೆಯೇ ಬಿದ್ದಿರುವವರುಂಟು. ಒದ್ದೆಯೂ ಸುಕ್ಕೂ ಸೇರಿದ ಕಡೆ ಚರ್ಮವು ಬೇಗನೆ ಸವೆದು ಹುಣ್ಣಾಗುತ್ತದೆ. ಸೇವಕರು ಏದುಸಿರು ಬಿಡುವುದನ್ನು ಕೇಳಿದಷ್ಟೂ ರೋಗಿಯ ಬಾಯಿ ಕಟ್ಟುತ್ತದೆ. ಕೆಲಸವು ಹಗುರವಾದಾಗ ಕೇಳುವ ಸಂಕೋಚವೂ ಹಗುರವಾಗುತ್ತದೆ. ಉಪಕರಣದ ಮೊದಲ ಪ್ರಯೋಜನ ಸೇವೆ ಮಾಡುವವರಿಗೆಂದು ತೋರಿದರೂ ಅದರ ಉಪಕಾರ ಸೇವೆ ಪಡೆಯುವವರಿಗೂ ಅಷ್ಟೇ ದೊಡ್ಡದು.

ಹಾಗಾದರೆ ಪೂರ್ವಪಕ್ಷಿಯ ಭಯದಲ್ಲಿ ಹುರುಳಿಲ್ಲವೆ? ಒಂದು ಹುರುಳುಂಟು. ಹಾಸು ಬದಲಾಯಿಸುವ ಹೊತ್ತು ನೋಡುವ ಹೊತ್ತೂ ಹೌದು. ಹಿಮ್ಮಡಿ, ಸೊಂಟದ ಎಲುಬು, ಬೆನ್ನಿನ ಬುಡ, ಇಲ್ಲಿ ಕೆಂಪು ಕಂಡು, ಬೆರಳಿನಿಂದ ಒತ್ತಿದರೂ ಆ ಕೆಂಪು ಮಾಸದಿದ್ದರೆ ಹುಣ್ಣು ಹೊರಟಿದೆಯೆಂದು ಅರ್ಥ. ಅದನ್ನು ಬೆಣೆ ಕಾಣಲಾರದು. ಗಾಳಿ ತುಂಬಿದ ಹಾಸಿಗೆಯನ್ನು ತಂದ ಮನೆಯವರು, ಇನ್ನು ಮಗ್ಗುಲು ಹೊರಳಿಸಬೇಕಾಗಿಲ್ಲವೆಂದು ನಿಶ್ಚಿಂತರಾಗಿ ಕೆಡುವುದುಂಟು. ಆ ಹಾಸಿಗೆಯು ಹೊರಳಿಸುವ ಕರ್ತವ್ಯವನ್ನು ರದ್ದುಮಾಡುವುದಿಲ್ಲ. ಫ್ಲಾರೆನ್ಸ್ ನೈಟಿಂಗೇಲ್ ಎಂಬ ಆಂಗ್ಲ ಸಾಧ್ವಿಯು 1859ರಲ್ಲಿ ಬರೆದ ಶುಶ್ರೂಷಾಗ್ರಂಥದಲ್ಲಿ ಮಂಚ ಹಾಸಿಗೆಗಳಿಗೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾಳೆ. ಮಂಚವು ಮೂರೂವರೆ ಅಡಿಗಿಂತ ಅಗಲವಿರಬಾರದು, ಎರಡು ಪಕ್ಕಗಳಿಂದಲೂ ರೋಗಿಯನ್ನು ಸುಲಭವಾಗಿ ಮುಟ್ಟುವಂತಿರಬೇಕು ಎಂಬುದು ಆಕೆಯ ಮತ. ಸೇವಕಿಯ ಸೌಕರ್ಯವನ್ನು ಆಕೆ ಕೇಳಿದ್ದು ರೋಗಿಯನ್ನು ಚೆನ್ನಾಗಿ ನೋಡಿಕೊಳ್ಳುವುದಕ್ಕಾಗಿ. ಗೋಡೆಗೆ ಒತ್ತಿದ ಮಂಚವನ್ನು ಎರಡಡಿ ಈಚೆಗೆ ಎಳೆಯುವುದಕ್ಕೆ ಹಣವೇನೂ ಬೇಕಾಗಿಲ್ಲ.

ವ್ಯಾಕರಣಶಾಸ್ತ್ರವು ಇಲ್ಲಿ ದಾರಿ ತೋರಿಸುತ್ತದೆ. ಪಾಣಿನಿಯು ಕ್ರಿಯೆಯಲ್ಲಿ ಸ್ವತಂತ್ರನಾದವನನ್ನು ಕರ್ತೃವೆಂದೂ ಕ್ರಿಯಾಸಿದ್ಧಿಗೆ ಅತ್ಯಂತ ಸಾಧಕವಾದುದನ್ನು ಕರಣವೆಂದೂ ವಿಭಾಗಿಸಿದ್ದಾನೆ. ಕೊಡಲಿಯಿಂದ ಮರ ಕಡಿದಲ್ಲಿ ಕಡಿದವನು ಮನುಷ್ಯನೇ. ಹಾಗೆಯೇ ಬೆಣೆಯಿಂದ ಹಾಸಿಗೆಯನ್ನು ಎತ್ತಿದಲ್ಲಿ ಸೇವೆಯ ಕರ್ತೃವು ಸೊಸೆ, ಮಗ, ಹೆಂಡತಿ ಅಥವಾ ಕೂಲಿಗೆ ಬಂದ ದಾದಿ. ಕರಣವು ಉತ್ತಮವಾದಷ್ಟೂ ಕ್ರಿಯೆ ಚೆನ್ನಾಗಿ ಸಿದ್ಧಿಸುತ್ತದೆ. ಕರ್ತೃವು ಜಾಗ ಬಿಟ್ಟು ಎದ್ದುಹೋದರೆ ಮಾತ್ರ ಕ್ರಿಯೆ ಕೆಡುತ್ತದೆ. ಆದಕಾರಣ ಉಪಕರಣದ ಗುಣದೋಷಗಳನ್ನು ತೂಗುವವರು ಒಂದು ಪ್ರಶ್ನೆ ಕೇಳಿಕೊಂಡರೆ ಸಾಕು: ಉಳಿದ ಬಲವೂ ಉಳಿದ ಗಳಿಗೆಯೂ ಎಲ್ಲಿಗೆ ಹೋದವು? ಅವು ರೋಗಿಯ ಹಿಮ್ಮಡಿಯನ್ನು ನೋಡಲು, ತಲೆ ಬಾಚಲು, ಹಳೆಯ ಮಾತನ್ನು ಇನ್ನೊಮ್ಮೆ ಕೇಳಲು, ಅಥವಾ ಸೇವೆ ಮಾಡುವವರೇ ಒಂದು ಗಂಟೆ ಕಣ್ಣುಮುಚ್ಚಲು ಸಂದಿದ್ದರೆ ಧರ್ಮಕ್ಕೆ ಲೋಪವಿಲ್ಲ. ಬಾಗಿಲು ಹಾಕಿಕೊಂಡು ಮರೆಯುವುದಕ್ಕೆ ಸಂದಿದ್ದರೆ, ಆ ಮನೆಯಲ್ಲಿ ಬೆಣೆ ಬರುವ ಮೊದಲೇ ಏನೋ ಕಡಮೆಯಾಗಿತ್ತೆಂದು ತಿಳಿಯಬೇಕು.

ಇನ್ನು ಬೆಲೆಯ ಮಾತು. ಬೆಣೆಯೂ ನುಣುಪು ಬಟ್ಟೆಯೂ ಅನೇಕರ ಕೈಗೆಟುಕುವ ವಸ್ತುಗಳು. ಏರಿಳಿಯುವ ಮಂಚವು ಹಾಗಲ್ಲ, ಅದರ ಅಗತ್ಯವೂ ಎಷ್ಟೋ ಮನೆಗಳಲ್ಲಿ ಕೆಲವು ತಿಂಗಳುಗಳದು ಮಾತ್ರ. ಮದುವೆ ಮುಂಜಿಗಳಿಗೆ ಬೇಕಾಗುವ ಕೊಳದಪ್ಪಲೆ, ಕಡಾಯಿಗಳನ್ನು ಪ್ರತಿಯೊಬ್ಬರೂ ಕೊಳ್ಳಲಿಲ್ಲ. ದೇವಸ್ಥಾನದಲ್ಲಿಯೋ ಸಂಘದಲ್ಲಿಯೋ ಇಟ್ಟು, ಬೇಕಾದವರು ಒಯ್ದು ತೊಳೆದು ಹಿಂದಿರುಗಿಸುತ್ತಿದ್ದರು. ಹಬ್ಬದ ಅಡಿಗೆಗೆ ಊರು ಮಾಡಿಕೊಂಡ ಏರ್ಪಾಡನ್ನು ಊರಿನ ಮುಪ್ಪಿಗೂ ಮಾಡಿಕೊಳ್ಳಲಾಗದೆ? ಹೋಬಳಿಗೆ ಎರಡು ಮಂಚಗಳಿದ್ದರೂ ಹಲವು ಮನೆಗಳ ಬೆನ್ನು ಉಳಿದೀತು. ಅವುಗಳನ್ನು ಹೊತ್ತು ತಂದು ಜೋಡಿಸುವ ಕೆಲಸವನ್ನು ಗಂಡಸರು ವಹಿಸಿಕೊಳ್ಳಲಿ. ಜೋಡಿಸಿದ ಮೇಲೆ ಆಚೆಯ ಪಕ್ಕದಲ್ಲಿ ನಿಂತು ಮೇಲುಹಾಸಿನ ಇನ್ನೊಂದು ತುದಿಯನ್ನು ಹಿಡಿಯುವುದನ್ನೂ ಕಲಿಯಲಿ.