ಗೊತ್ತಿಲ್ಲ ಎನ್ನುವ ಗುರು

ತನಗೇ ತಿಳಿಯದ್ದನ್ನು ಗುರುವಾದವನು ಕಲಿಸಬಲ್ಲನೇ ಎಂಬುದು ಹಳೆಯ ಪ್ರಶ್ನೆ. ಮುಕ್ತ ತಂತ್ರಾಂಶದ ಆಪರೇಟಿಂಗ್ ಸಿಸ್ಟಮ್ ಕಟ್ಟುವ ಕೆಲಸದಲ್ಲಿ ವಿದ್ಯಾರ್ಥಿಗಳಿಗೆ ದಾರಿ ತೋರುವ ಮೆಂಟರ್‌ಗೆ ಅದು ನಿತ್ಯದ ಪ್ರಶ್ನೆ.

ಹೈಕು ಎಂಬ ಮುಕ್ತ ಆಪರೇಟಿಂಗ್ ಸಿಸ್ಟಮ್ ಇದಕ್ಕೆ ತಕ್ಕ ಉದಾಹರಣೆ. 2001ರಲ್ಲಿ ಬಿಓಎಸ್ ಎಂಬ ಆಪರೇಟಿಂಗ್ ಸಿಸ್ಟಮ್ ಪಾಮ್ ಕಂಪನಿಯ ಪಾಲಾದಾಗ, ಅದನ್ನು ನೆಚ್ಚಿಕೊಂಡಿದ್ದವರು ಅಂಥದ್ದೇ ವ್ಯವಸ್ಥೆಯನ್ನು ತಾವೇ ಕಟ್ಟಲು ಹೊರಟರು. ಮೂಲದ ಸೋರ್ಸ್ ಕೋಡ್ ಬಹುಪಾಲು ಕೈಗೆ ಸಿಗುವಂತಿರಲಿಲ್ಲ. ಹೊರಗಿನ ನಡವಳಿಕೆ ನೋಡಿ ಒಳಗನ್ನು ಬರೆಯಬೇಕಿತ್ತು. ವಿದ್ಯಾರ್ಥಿಗಳನ್ನು ಮುಕ್ತ ತಂತ್ರಾಂಶದ ಕೆಲಸಕ್ಕೆ ಕರೆತರಲು ಗೂಗಲ್ 2005ರಲ್ಲಿ ಆರಂಭಿಸಿದ ಸಮ್ಮರ್ ಆಫ್ ಕೋಡ್‌ಗೆ ಹೈಕು 2007ರಲ್ಲಿ ಸೇರಿತು. ಎಕ್ಸ್‌ಎಫ್‌ಎಸ್ ಫೈಲ್ ಸಿಸ್ಟಮ್ ಅನ್ನು ಹೈಕು ಓದುವಂತೆ ಮಾಡುವಲ್ಲಿ ಹೀಗೆ ಬಂದ ವಿದ್ಯಾರ್ಥಿಗಳ ಪಾಲು ದೊಡ್ಡದು. ಇಂಥ ಕೆಲಸದ ನಡುವೆ ವ್ಯವಸ್ಥೆಯ ತಿರುಳಾದ ಕರ್ನಲ್ ಕುಸಿದರೆ, ತಪ್ಪು ವಿದ್ಯಾರ್ಥಿ ಬರೆದ ಸಾಲಿನಲ್ಲಿದೆಯೋ ವರ್ಷಗಳಿಂದ ಅಡಗಿ ಕೂತ ಹಳೆಯ ಸಾಲಿನಲ್ಲಿದೆಯೋ ಮೆಂಟರ್‌ಗೂ ಕೂಡಲೇ ಹೇಳಲಾಗದು.

ಇದೇ ಇಕ್ಕಟ್ಟು ಹಳೆಯ ಗ್ರಂಥದಲ್ಲೂ ಬರುತ್ತದೆ. ಪ್ರಶ್ನೋಪನಿಷತ್ತಿನಲ್ಲಿ ಆರು ಮಂದಿ ಸಮಿತ್ತು ಹಿಡಿದು ಪಿಪ್ಪಲಾದನ ಬಳಿಗೆ ಬರುತ್ತಾರೆ. ಒಂದು ವರ್ಷ ಇದ್ದು ಆಮೇಲೆ ಕೇಳಿ, ತಿಳಿದಿದ್ದರೆ ಎಲ್ಲ ಹೇಳುವೆ ಎನ್ನುತ್ತಾನೆ ಋಷಿ. ಆ 'ತಿಳಿದಿದ್ದರೆ' ವಿನಯದ ಮಾತು, ಅಜ್ಞಾನದ್ದಲ್ಲ ಎನ್ನುತ್ತದೆ ಶಂಕರರ ಭಾಷ್ಯ. ಇರಬಹುದು. ಆದರೆ ಕೊನೆಯ ಪ್ರಶ್ನೆ ಕೇಳುವ ಸುಕೇಶನ ಕಥೆಯಲ್ಲಿ ಆ ಅರ್ಥಕ್ಕೆ ಎಡೆಯಿಲ್ಲ. ಕೋಸಲದ ರಾಜಕುಮಾರ ಹಿರಣ್ಯನಾಭ ಹದಿನಾರು ಕಲೆಗಳ ಪುರುಷನ ವಿಚಾರ ಕೇಳಿದಾಗ ಸುಕೇಶ ಗೊತ್ತಿಲ್ಲವೆಂದುಬಿಟ್ಟ; ಸುಳ್ಳಾಡಿದವನು ಬೇರುಸಹಿತ ಒಣಗುತ್ತಾನೆಂದ. ರಾಜಕುಮಾರ ಮಾತಿಲ್ಲದೆ ರಥ ಹತ್ತಿ ಹೋದ. ಅದೇ ಪ್ರಶ್ನೆಯನ್ನು ಹೊತ್ತು ಸುಕೇಶ ತಾನೇ ಶಿಷ್ಯನಾಗಿ ಬಂದಿದ್ದಾನೆ.

ಒಳ್ಳೆಯ ಮೆಂಟರ್ ರಥವನ್ನು ಹೋಗಗೊಡುವುದಿಲ್ಲ. ಗೊತ್ತಿಲ್ಲವೆಂದು ಹೇಳಿ, ಜೊತೆಗೆ ಕೂತು ಹುಡುಕುತ್ತಾನೆ: ಲಾಗ್ ಓದುವುದು, ಕೋಡಿನ ಯಾವ ಬದಲಾವಣೆಯಿಂದ ಕೆಟ್ಟಿತೆಂದು ಹಿಂದಕ್ಕೆ ಅರ್ಧರ್ಧವಾಗಿ ಸೋಸುವುದು. ಇಲ್ಲಿ ದಾಟಿಸುವುದು ಉತ್ತರವನ್ನಲ್ಲ, ಹುಡುಕುವ ಬಗೆಯನ್ನು. ಹಾಗಾದರೆ ಅವನು ಬರೀ ಹಿರಿಯ ವಿದ್ಯಾರ್ಥಿಯೇ? ಪೂರ್ತಿ ಹಾಗಲ್ಲ. ಉತ್ತರ ಕೈಯಲ್ಲಿದ್ದಾಗಲೂ ಯಾವಾಗ ತಡೆಹಿಡಿಯಬೇಕೆಂಬ ತೀರ್ಮಾನ ಅವನದು, ಮತ್ತು ಅದೇ ಕಷ್ಟದ ಭಾಗ. ತಾನೇ ಬರೆದುಕೊಟ್ಟರೆ ದೋಷ ಅರ್ಧ ಗಂಟೆಯಲ್ಲಿ ಹೋಗುತ್ತದೆ, ಶಿಷ್ಯನ ಕಲಿಕೆಯೂ ಅದರ ಜೊತೆಗೇ ಹೋಗುತ್ತದೆ. ಉಳಿದ ಅಧಿಕಾರ ಅವನಿಗೆ ಕಡಿಮೆ: ಮೆಂಟರ್ ಬರೆದ ಕೋಡೂ ಎಲ್ಲರ ಕಣ್ಣಿಗೆ ಬೀಳುತ್ತದೆ, ಅದರಲ್ಲಿ ವಿದ್ಯಾರ್ಥಿ ತಪ್ಪು ತೋರಿಸಿದರೆ ತಿದ್ದಲೇಬೇಕು.

2022ರಿಂದ ಸಮ್ಮರ್ ಆಫ್ ಕೋಡ್ ವಿದ್ಯಾರ್ಥಿಗಳಲ್ಲದ ಹೊಸಬರಿಗೂ ತೆರೆದಿದೆ. ಮೆಂಟರ್‌ಗಿಂತ ವಯಸ್ಸಿನಲ್ಲಿ ಹಿರಿಯನಾದ ಶಿಷ್ಯ ಬರುವ ಸಾಧ್ಯತೆ ಈಗ ಹೆಚ್ಚು.