ಗೀಚಿದ ಗೆರೆಗೆ ಅರ್ಥ ಹೇಳುವವರು ಯಾರು?

ಕಲಾ ಚಿಕಿತ್ಸೆಯ ತರಗತಿಯಲ್ಲಿ ನಮ್ಮಿಂದ ಮೊದಲು ಮಾಡಿಸಿದ್ದು ಗೀಚುವ ಅಭ್ಯಾಸ. ದೊಡ್ಡ ಡ್ರಾಯಿಂಗ್ ಹಾಳೆ, ಒಂದು ಕ್ರೇಯಾನ್. ಕಣ್ಣು ಮುಚ್ಚಿಕೊಂಡು, ಕೈ ಎತ್ತದೆ ಸ್ವಲ್ಪ ಹೊತ್ತು ಗೀಚಬೇಕು. ಆಮೇಲೆ ಹಾಳೆಯನ್ನು ನಾಲ್ಕೂ ದಿಕ್ಕಿಗೆ ತಿರುಗಿಸಿ ನೋಡಿ, ಆ ಗೋಜಲಿನಲ್ಲಿ ಏನಾದರೂ ಆಕಾರ ಕಂಡರೆ ಅದನ್ನೇ ತಿದ್ದಿ ಬಣ್ಣ ತುಂಬಬೇಕು. ಅಮೆರಿಕದ ಕಲಾ ಶಿಕ್ಷಕಿ ಫ್ಲಾರೆನ್ಸ್ ಕೇನ್ ರೂಢಿಸಿದ ಈ ಕ್ರಮವನ್ನು ಅವರ ತಂಗಿ ಮಾರ್ಗರೆಟ್ ನೌಂಬರ್ಗ್ ಚಿಕಿತ್ಸೆಗೆ ತಂದರು.

ನನ್ನ ಹಾಳೆಯಲ್ಲಿ ಒಂದರೊಳಗೊಂದು ಎರಡು ಸುತ್ತು ಬಿದ್ದಿದ್ದವು. ನನಗೆ ಕಂಡದ್ದು ಅಜ್ಜಿಯ ಮನೆಯ ಒರಳುಕಲ್ಲು. ಮುಂದೊಂದು ಮಣೆ ಬರೆದೆ. ಕಲ್ಲಿಗೆ ಕಪ್ಪು ಕ್ರೇಯಾನನ್ನು ಒತ್ತಿ ಒತ್ತಿ ತುಂಬಿದೆ. ಪಕ್ಕದ ಸಹಪಾಠಿಯೊಬ್ಬರು ಬಗ್ಗಿ ನೋಡಿ, "ಎಷ್ಟೊಂದು ಕಪ್ಪು! ಮನಸ್ಸಲ್ಲಿ ಏನೋ ಭಾರ ಇದೆ ನಿಮಗೆ" ಅಂದರು. ಕಾಳಜಿಯಿಂದಲೇ ಅಂದದ್ದು. ಆದರೆ ಆ ಕಲ್ಲು ಇದ್ದದ್ದೇ ಕಪ್ಪಗೆ. ಅಂಚಿಗೆ ಅಂಟಿ ಒಣಗಿದ ಉದ್ದಿನ ಹಿಟ್ಟು, ಗುಂಡು ತಿರುಗುವ ಸದ್ದು ನೆನಪಾಗಿ ನಾನು ಖುಷಿಯಲ್ಲಿದ್ದೆ. ಆ ಮಾತು ಬಿದ್ದಮೇಲೆ ಚಿತ್ರ ನನ್ನ ಕೈ ತಪ್ಪಿಹೋಯಿತು. ಇಲ್ಲದ ಭಾರವೊಂದನ್ನು ಹುಡುಕುತ್ತಾ ಕೂತೆ.

ಎರಡು ವಾರ ಕಳೆದು ಹಾಳೆಯನ್ನು ಮತ್ತೆ ತೆಗೆದೆ. ಮಣೆ ಇದೆ, ಮಣೆಯ ಮೇಲೆ ಅಜ್ಜಿ ಇಲ್ಲ. ಅವರು ತೀರಿಕೊಂಡು ಆರು ವರ್ಷವಾಗಿತ್ತು. ಅವತ್ತು ಅತ್ತುಬಿಟ್ಟೆ. ಹಾಗಾದರೆ ಸಹಪಾಠಿ ಹೇಳಿದ್ದೇ ನಿಜವಾಯಿತಲ್ಲ ಎಂದು ನೀವು ಕೇಳಬಹುದು. ನಾನು ಒಪ್ಪುವುದಿಲ್ಲ. ದುಃಖ ಇದ್ದದ್ದು ಕಪ್ಪಿನಲ್ಲಲ್ಲ, ಏನೂ ಬರೆಯದೆ ಬಿಟ್ಟ ಆ ಬಿಳಿ ಜಾಗದಲ್ಲಿ. ಅಲ್ಲಿ ಯಾರು ಕೂತಿರಬೇಕಿತ್ತು ಎನ್ನುವುದು ನನಗೊಬ್ಬಳಿಗೇ ಗೊತ್ತು. ಅದು ನನಗೆ ಕಾಣಲೂ ಎರಡು ವಾರ ಬೇಕಾಯಿತು.

ವಿದ್ಯಾರ್ಥಿಗಳಿಂದ ಈ ಅಭ್ಯಾಸಗಳನ್ನೆಲ್ಲ ಏಕೆ ಮಾಡಿಸುತ್ತಾರೆ? ಮುಂದೆ ಬೇರೆಯವರ ಚಿತ್ರ ಓದಲು ಬರಲಿ ಎಂದು ನಾನೂ ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಓದಬಲ್ಲೆ ಎಂಬ ಧೈರ್ಯ ಕರಗಲಿ ಎಂದೇ ಇದನ್ನು ಮಾಡಿಸಬೇಕು. ತನ್ನ ಚಿತ್ರಕ್ಕೆ ಇನ್ನೊಬ್ಬರು ಅರ್ಥ ಹಚ್ಚಿದಾಗ ಏನಾಗುತ್ತದೆಂದು ಒಮ್ಮೆ ಅನುಭವಿಸದವರು ಆ ಕೆಲಸವನ್ನು ರೋಗಿಯ ಮೇಲೆ ನಿಶ್ಚಿಂತೆಯಿಂದ ಮಾಡುತ್ತಾರೆ.

ಅನುಭವಿಗಳ ಕಣ್ಣು ಬೇರೆ ಎನ್ನುವ ವಾದವಿದೆ. 1967ರಲ್ಲಿ ಮನಶ್ಶಾಸ್ತ್ರಜ್ಞರಾದ ಲೋರೆನ್ ಚಾಪ್‌ಮನ್ ಮತ್ತು ಜೀನ್ ಚಾಪ್‌ಮನ್ ದಂಪತಿ ಇದನ್ನು ಕೆಣಕುವ ಪ್ರಯೋಗ ಪ್ರಕಟಿಸಿದರು. ಮನುಷ್ಯಾಕೃತಿಯ ಚಿತ್ರಗಳ ಜೊತೆ ರೋಗಲಕ್ಷಣಗಳನ್ನು ಒಂದಕ್ಕೊಂದು ಸಂಬಂಧವಿಲ್ಲದಂತೆ ಜೋಡಿಸಿ, ತರಬೇತಿಯಿಲ್ಲದ ಕಾಲೇಜು ವಿದ್ಯಾರ್ಥಿಗಳಿಗೆ ತೋರಿಸಿದರು. ಎದ್ದು ಕಾಣುವ ಕಣ್ಣು ಬರೆದವರು ಸಂಶಯದ ಸ್ವಭಾವದವರು ಎಂಬಂಥ ನಂಟುಗಳನ್ನು ವಿದ್ಯಾರ್ಥಿಗಳು 'ಕಂಡುಹಿಡಿದರು'. ವೃತ್ತಿನಿರತ ಮನಶ್ಶಾಸ್ತ್ರಜ್ಞರು ತಮ್ಮ ಅನುಭವದಿಂದ ಹೇಳುತ್ತಿದ್ದುದೂ ಅವೇ ನಂಟುಗಳನ್ನು. ಚಿತ್ರದಲ್ಲಿ ಇಲ್ಲದ್ದು ನೋಡುವವರ ತಲೆಯಲ್ಲಿ ಮೊದಲೇ ಇತ್ತು.

ಹಾಗಿದ್ದರೆ ಚಿಕಿತ್ಸಕರು ಇರುವುದು ಯಾತಕ್ಕೆ? ಚಿತ್ರವೂ ಒಂದು ಮಾತು ಎಂದು ನಂಬಿದ್ದ ನೌಂಬರ್ಗ್ ಕೂಡ ಅದರ ಅರ್ಥವನ್ನು ಬರೆದವರ ಬಾಯಿಂದಲೇ ಕೇಳಬೇಕೆನ್ನುತ್ತಿದ್ದರು. ಕಲಾ ಚಿಕಿತ್ಸಕಿ ಎಡಿತ್ ಕ್ರಾಮರ್ ಇನ್ನೂ ಮುಂದೆ ಹೋದರು: ಬರೆಯುವ ಕ್ರಿಯೆಯೇ ಗುಣಪಡಿಸುತ್ತದೆ, ಚಿಕಿತ್ಸಕರು ಬರೆಯುವವರ ಮೂರನೆಯ ಕೈ ಆಗಿರಬೇಕು, ತಮ್ಮ ಶೈಲಿಯನ್ನಾಗಲಿ ಅರ್ಥವನ್ನಾಗಲಿ ಹೇರಬಾರದು. ಬಣ್ಣ ಹರಿದು ಹಾಳೆ ಕೆಡುವ ಮೊದಲು ಒರೆಸುವ ಬಟ್ಟೆ ಕೊಡುವುದು, ಮಣ್ಣಿನ ಗೊಂಬೆಯ ಕಾಲು ಕುಸಿಯದಂತೆ ಆಸರೆ ಹೇಳಿಕೊಡುವುದು. ನೋಡಲು ಸಣ್ಣ ಕೆಲಸ, ಮಾಡಲು ಬಹಳ ಕಷ್ಟ. ನಾನಂತೂ ಇನ್ನೂ ಕಲಿಯುತ್ತಿದ್ದೇನೆ.

ಕ್ರಾಮರ್ ಈ ಮೂರನೆಯ ಕೈಯನ್ನು ತಮ್ಮ ಗುರು ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಅವರಲ್ಲಿ ಕಂಡಿದ್ದರು. ಪ್ರಾಗ್‌ನಲ್ಲಿ ನಿರಾಶ್ರಿತರ ಮಕ್ಕಳಿಗೆ ಇಬ್ಬರೂ ಸೇರಿ ಚಿತ್ರ ಕಲಿಸಿದ್ದರು. ಕ್ರಾಮರ್ 1938ರಲ್ಲಿ ನ್ಯೂಯಾರ್ಕಿಗೆ ಹೋದರು. ಫ್ರೀಡ್ಲ್ ಹೋಗಲಿಲ್ಲ. 1942ರ ಡಿಸೆಂಬರಿನಲ್ಲಿ ನಾಜಿಗಳು ಅವರನ್ನು ಯಹೂದಿಗಳನ್ನು ಕೂಡಿಹಾಕಿದ್ದ ತೆರೆಜಿನ್ ಶಿಬಿರಕ್ಕೆ ಸಾಗಿಸಿದರು. ಅಲ್ಲಿಯೂ ಅವರು ಮಕ್ಕಳಿಗೆ ಪಾಠ ಮಾಡಿದರು. ಸಿಕ್ಕ ರದ್ದಿ ಕಾಗದದ ಮೇಲೆ ಲಯ, ಗೆರೆ, ಬಣ್ಣ, ಕತ್ತರಿಸಿ ಅಂಟಿಸುವುದು. ನಿನ್ನ ಭಯ ಬರೆ ಎಂದು ಒತ್ತಾಯಿಸಲಿಲ್ಲ. ಒತ್ತಾಯಿಸಿದ್ದು ಒಂದನ್ನೇ: ಚಿತ್ರದ ಮೇಲೆ ಪ್ರತಿ ಮಗುವೂ ತನ್ನ ಹೆಸರು ಬರೆಯಬೇಕು. 1944ರ ಅಕ್ಟೋಬರಿನಲ್ಲಿ ಅವರನ್ನು ಆಷ್‌ವಿಟ್ಸ್‌ನಲ್ಲಿ ಕೊಂದರು. ಮಕ್ಕಳಲ್ಲಿಯೂ ಹೆಚ್ಚಿನವರು ಉಳಿಯಲಿಲ್ಲ. ಸೂಟ್‌ಕೇಸುಗಳಲ್ಲಿ ತುಂಬಿಟ್ಟಿದ್ದರಿಂದ ಉಳಿದ ಮಕ್ಕಳ ಸುಮಾರು 4,500 ಚಿತ್ರಗಳು ಪ್ರಾಗ್‌ನ ಯಹೂದಿ ವಸ್ತುಸಂಗ್ರಹಾಲಯದಲ್ಲಿವೆ. ಆ ಚಿತ್ರಗಳು ಯಾರನ್ನು ಗುಣಪಡಿಸಿದವು ಎಂದು ಕೇಳುವವರಿಗೆ ನನ್ನಲ್ಲಿ ಲೆಕ್ಕವಿಲ್ಲ. ನಾಜಿಗಳ ಕಣ್ಣಿಗೆ ಬರೀ ಸಂಖ್ಯೆಯಾಗಿದ್ದ ಮಗುವಿನ ಕೈಗೆ ಆ ಒಂದು ಗಂಟೆ ಅದರ ಹೆಸರು ಮರಳಿ ಸಿಗುತ್ತಿತ್ತು. ಚಿಕಿತ್ಸೆ ಎಂಬ ಮಾತಿಗೆ ನಾನು ಇಟ್ಟುಕೊಂಡಿರುವ ಅಳತೆ ಈಗ ಇದೇ.

ನಿಮ್ಮ ಮನೆಯ ಮಗು ಚಿತ್ರ ಬರೆದು ಓಡಿಬಂದರೆ ದಯವಿಟ್ಟು "ಇದೇನಿದು, ಯಾಕೆ ಕಪ್ಪು?" ಎಂದು ಕೇಳಬೇಡಿ. "ಇದರ ಕಥೆ ಹೇಳ್ತೀಯಾ?" ಅನ್ನಿ, ಕಾಯಿರಿ. ಹೇಳದಿದ್ದರೆ ಬಿಡಿ. ಮೂಲೆಯಲ್ಲಿ ಹೆಸರು ಬರೆಸಿ, ಜೋಪಾನವಾಗಿ ಎತ್ತಿಡಿ.