ನಂಬಿಕೆಯು ಕೈಚಾಚುವ ಬಗೆ



ಕೃಪೆಯಿಂದಲೇ ರಕ್ಷಣೆ ಎಂದು ನಾವು ಅರಿಕೆಮಾಡುತ್ತೇವೆ. ಸತ್ಕ್ರಿಯೆಗಳನ್ನು ಕೂಡಿಸಿಟ್ಟು ಪರಲೋಕವನ್ನು ಕೊಂಡುಕೊಳ್ಳುವದು ಯಾರಿಂದಲೂ ಆಗದು. ಈ ಉಪದೇಶವು ಸತ್ಯವೇ. ಆದರೂ ಅದರ ಮರೆಯಲ್ಲಿ ಒಂದು ಸೋಮಾರಿತನವು ಅಡಗಿಕೊಳ್ಳುವದುಂಟು. ಕ್ರಿಯೆಗಳಿಂದ ರಕ್ಷಣೆಯಿಲ್ಲವಷ್ಟೆ, ಹಾಗಾದರೆ ನೆರೆಯವನಿಗೋಸ್ಕರ ಶ್ರಮಪಡುವದು ಏತಕ್ಕೆ ಎಂದು ನಾವು ಬಾಯಿಂದ ಹೇಳದಿದ್ದರೂ ನಡತೆಯಿಂದ ಹೇಳುತ್ತಿರುತ್ತೇವೆ.

ಇದಕ್ಕೆ ಯಾಕೋಬನು ತನ್ನ ಪತ್ರಿಕೆಯ ೨ನೆಯ ಅಧ್ಯಾಯದಲ್ಲಿ ಉತ್ತರ ಕೊಟ್ಟಿದ್ದಾನೆ. ಹಸಿದು ಬಟ್ಟೆಯಿಲ್ಲದೆ ನಿಂತಿರುವ ಸಹೋದರನನ್ನು ಒಳ್ಳೆಯ ಮಾತು ಮಾತ್ರ ಹೇಳಿ ಕಳುಹಿಸುವವನ ನಂಬಿಕೆಯಲ್ಲಿ ಜೀವವಿಲ್ಲವೆಂಬದೇ ಅದರ ತಾತ್ಪರ್ಯವು. ಮೊಳಕೆಯು ಬೀಜಕ್ಕೆ ಜೀವವನ್ನು ಕೊಡುವದಿಲ್ಲ. ಬೀಜದೊಳಗೆ ಜೀವವುಂಟೆಂಬದನ್ನು ತೋರಿಸುತ್ತದೆ. ಬಿತ್ತಿ ಹದವಾದ ಮಳೆ ಬಂದ ಮೇಲೆಯೂ ಮೊಳೆಯದಿದ್ದದ್ದನ್ನು ಒಕ್ಕಲಿಗನು ಜೊಳ್ಳೆನ್ನುತ್ತಾನೆ.

ಹೀಗಿರಲಾಗಿ ನಾವು ಕೇಳಬೇಕಾದ ಪ್ರಶ್ನೆಯು ಬೇರೆ ಉಂಟು. ಎಂಥ ಕ್ರಿಯೆಯು ಪ್ರೀತಿಯ ಕ್ರಿಯೆಯಾಗಿದೆ? ದೂರದಿಂದ ಎಸೆದ ಕಾಸೂ ಉಪಕಾರವೇ, ಅದು ಪ್ರೀತಿಯೋ?

ಮತ್ತಾಯನ ಸುವಾರ್ತೆಯ ೮ನೆಯ ಅಧ್ಯಾಯವನ್ನು ತೆರೆಯಿರಿ. ಅಲ್ಲಿ ಕರ್ತನು ಶತಾಧಿಪತಿಯ ಆಳನ್ನು ನೋಡದೆ, ದೂರದಿಂದಲೇ, ಮಾತುಮಾತ್ರದಿಂದ ಗುಣಪಡಿಸಿದನು. ಆದರೆ ಅದೇ ಅಧ್ಯಾಯದ ಮೊದಲಿನಲ್ಲಿ ಕುಷ್ಠರೋಗಿಯು ಬಂದಾಗ ಆತನು ಕೈನೀಡಿ ಅವನನ್ನು ಮುಟ್ಟಿದನು. ರೋಗಕ್ಕೆ ಮಾತೇ ಸಾಕಾಗಿತ್ತು; ಊರ ಹೊರಗೆ ಇರಿಸಲ್ಪಟ್ಟು ಯಾರಿಂದಲೂ ಮುಟ್ಟಿಸಿಕೊಳ್ಳದ ಮನುಷ್ಯನಿಗೆ ಅದು ಸಾಲದಾಗಿತ್ತು. ಉಪಕಾರವು ರೋಗವನ್ನು ನೋಡುತ್ತದೆ. ಪ್ರೀತಿಯು ಮನುಷ್ಯನನ್ನು ನೋಡುತ್ತದೆ.

ನಮ್ಮ ದೇಶದಲ್ಲಿಯೇ ಇದಕ್ಕೆ ಒಂದು ದೃಷ್ಟಾಂತವುಂಟು. ತಮಿಳು ಸೀಮೆಯ ಕೊಲ್ಲಿಮಲೆಯಲ್ಲಿ ೧೯೧೪ರಲ್ಲಿ ಮಿಷನೆರಿ ದಂಪತಿಗಳ ಮಗನಾಗಿ ಹುಟ್ಟಿದ ಡಾಕ್ಟರ್ ಪೌಲ್ ಬ್ರ್ಯಾಂಡ್ ಎಂಬವರು ೧೯೪೬ರಲ್ಲಿ ವೆಲ್ಲೂರಿನ ಆಸ್ಪತ್ರೆಗೆ ಬಂದರು. ಕುಷ್ಠರೋಗದಲ್ಲಿ ಬೆರಳುಗಳು ತಾವಾಗಿಯೇ ಕೊಳೆತು ಉದುರುತ್ತವೆಂದು ಆಗ ಜನರು ಮಾತ್ರವಲ್ಲ, ಅನೇಕ ವೈದ್ಯರೂ ನೆನಸುತ್ತಿದ್ದರು. ಬ್ರ್ಯಾಂಡರು ರೋಗಿಗಳ ಕೈಗಳನ್ನು ಹಿಡಿದು, ಅವರ ದಿನಚರಿಯನ್ನು ಕೂತು ವಿಚಾರಿಸಿದರು. ಆಗ ತಿಳಿದದ್ದೇನಂದರೆ, ರೋಗವು ನರಗಳನ್ನು ಕೆಡಿಸಿ ನೋವನ್ನು ತೆಗೆದುಬಿಡುತ್ತದೆ. ನೋವು ತಿಳಿಯದವನು ಕಾದ ಪಾತ್ರೆಯನ್ನು ಹಿಡಿಯುತ್ತಾನೆ, ಮುಳ್ಳಿನ ಮೇಲೆ ನಡೆಯುತ್ತಾನೆ, ನಿದ್ರೆಯಲ್ಲಿ ಇಲಿ ಕಡಿದರೂ ಏಳುವದಿಲ್ಲ. ಕೈಕಾಲುಗಳ ನಾಶಕ್ಕೆ ಮುಖ್ಯ ಕಾರಣವು ಈ ಗಾಯಗಳೇ. ಆದಕಾರಣ ಇಲಿಗಳನ್ನು ಓಡಿಸಲಿಕ್ಕೆ ರೋಗಿಗಳಿಗೆ ಬೆಕ್ಕುಗಳನ್ನು ಕೊಟ್ಟರು. ಮುದುಡಿದ ಬೆರಳುಗಳನ್ನು ಶಸ್ತ್ರಚಿಕಿತ್ಸೆಯಿಂದ ನೆಟ್ಟಗೆ ಮಾಡಿದರು.

ಅಲ್ಲಿಗೆ ಕಾರ್ಯವು ಮುಗಿಯಲಿಲ್ಲ. ಕೈ ನೆಟ್ಟಗಾದ ಕೆಲವರು ತಿರಿಗಿ ಬಂದು, ಮುದುಡಿದ ಕೈಗೆ ಭಿಕ್ಷೆ ಬೀಳುತ್ತಿತ್ತು, ನೆಟ್ಟಗಿನ ಕೈಗೆ ಬೀಳುವದಿಲ್ಲ, ಕೆಲಸವನ್ನೂ ಯಾರೂ ಕೊಡುವದಿಲ್ಲವೆಂದು ದುಃಖಪಟ್ಟರು. ಆಗ ವೆಲ್ಲೂರಿನಲ್ಲಿ ನವಜೀವನ ಕೇಂದ್ರವು ಸ್ಥಾಪಿಸಲ್ಪಟ್ಟಿತು; ಅಲ್ಲಿ ಅವರು ಮರಗೆಲಸ ಮುಂತಾದ ಕಸಬುಗಳನ್ನು ಕಲಿತರು.

ಪ್ರಿಯರೇ, ಇದನ್ನು ನಾವು ಆಲೋಚಿಸಬೇಕು. ಕೊಡುವವರಾಗಿರುವದು ನಮಗೆ ಹಿತವಾಗಿದೆ. ಬಡವನು ಬಡವನಾಗಿಯೇ ಉಳಿದರೆ ನಮ್ಮ ಧರ್ಮಕ್ಕೆ ಎಡೆಯುಂಟು. ಅವನು ಎದ್ದುನಿಂತು ನಮ್ಮ ಸಮಾನನಾದರೆ ಕೆಲವು ಸಾರಿ ನಮಗೆ ಸಹಿಸದು. ಆದರೆ ಪ್ರೀತಿಯು ನೆರೆಯವನು ತನ್ನ ಕಾಲಮೇಲೆ ನಿಲ್ಲುವ ತನಕ ಅವನ ಸಂಗಡ ಹೋಗುತ್ತದೆ. ಉಪಕಾರ ಹೊಂದಿದವನು ಕೃತಜ್ಞನಾಗದಿದ್ದರೆ, ಸಭೆಗೆ ಸೇರದಿದ್ದರೆ ಏನು? ಲೂಕನ ೧೭ನೆಯ ಅಧ್ಯಾಯದಲ್ಲಿ ಹತ್ತು ಮಂದಿ ಶುದ್ಧರಾದರು. ತಿರಿಗಿ ಬಂದವನು ಒಬ್ಬನೇ, ಅವನೂ ಸಮಾರ್ಯದವನು. ಮಿಕ್ಕ ಒಂಭತ್ತು ಮಂದಿಯ ಸ್ವಸ್ಥತೆಯನ್ನು ಕರ್ತನು ಹಿಂದಕ್ಕೆ ತೆಗೆದುಕೊಂಡನೆಂದು ಅಲ್ಲಿ ಬರೆದಿಲ್ಲ. ಪ್ರತಿಫಲಕ್ಕಾಗಿ ಮಾಡಿದ್ದು ಬೇಟೆಗಾರನ ಕಾಳು. ಅದನ್ನು ಪ್ರೀತಿಯೆಂದು ಕರೆಯಬಾರದು.

ನಾವು ಹಳ್ಳಿಯವರು, ವೈದ್ಯರಲ್ಲ, ನಮ್ಮಿಂದ ಏನಾದೀತೆಂದು ಹೇಳೋಣವೋ? ೧೯೮೧ರಲ್ಲಿ ಲೋಕಾರೋಗ್ಯ ಸಂಸ್ಥೆಯು ಅನೇಕ ಔಷಧಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯನ್ನು ವಿಧಿಸಿತು. ಈಗ ಅದು ಸರಕಾರದ ಆರೋಗ್ಯಕೇಂದ್ರಗಳಲ್ಲಿ ಧರ್ಮಾರ್ಥವಾಗಿ ದೊರೆಯುತ್ತದೆ. ರೋಗದ ಬಗೆಯನ್ನನುಸರಿಸಿ ಸಾಧಾರಣವಾಗಿ ಆರು ಇಲ್ಲವೆ ಹನ್ನೆರಡು ತಿಂಗಳು ತೆಗೆದುಕೊಂಡರೆ ರೋಗವು ವಾಸಿಯಾಗುತ್ತದೆ. ಔಷಧವನ್ನು ಆರಂಭಿಸಿದ ಮೇಲೆ ಅದು ಬೇಗನೆ ಇತರರಿಗೆ ಹರಡದಂತಾಗುತ್ತದೆ. ಆದಾಗ್ಯೂ ಮೈಮೇಲೆ ಸ್ಪರ್ಶ ತಿಳಿಯದ ಬಿಳಿಚಿದ ಮಚ್ಚೆಯನ್ನು ಕಂಡವರು ಅದನ್ನು ಮರೆಮಾಡುತ್ತಾರೆ. ಯಾಕಂದರೆ ಅವರು ರೋಗಕ್ಕಿಂತ ನಮಗೆ ಹೆಚ್ಚಾಗಿ ಹೆದರುತ್ತಾರೆ. ಕ್ರೈಸ್ತರ ವಿವಾಹವಿಚ್ಛೇದನದ ಕಾನೂನಿನಲ್ಲಿಯೂ ಈ ರೋಗವು ಗಂಡಹೆಂಡರನ್ನು ಅಗಲಿಸತಕ್ಕ ಕಾರಣವೆಂದು ಬರೆಯಲ್ಪಟ್ಟಿತ್ತು. ಪಾರ್ಲಿಮೆಂಟು ೨೦೧೯ರಲ್ಲಿ ಅದನ್ನು ತೆಗೆದುಹಾಕಿತು. ಪುಸ್ತಕದಿಂದ ತೆಗೆದದ್ದನ್ನು ಹೃದಯದಿಂದ ತೆಗೆಯುವ ಕೆಲಸವು ಪಾರ್ಲಿಮೆಂಟಿನದಲ್ಲ, ನಮ್ಮದು.

ಅಂಥವರ ಸಂಗಡ ಆರೋಗ್ಯಕೇಂದ್ರದ ವರೆಗೆ ನಡೆದುಹೋಗುವದಕ್ಕೆ ವೈದ್ಯವಿದ್ಯೆ ಬೇಕಾಗಿಲ್ಲ. ವಾಸಿಯಾಗಿ ಬಂದವನಿಗೆ ದೇವಾಲಯದಲ್ಲಿ ನಮ್ಮ ಪಕ್ಕದಲ್ಲೇ ಸ್ಥಳ ಕೊಡುವದಕ್ಕೂ, ಅವನ ಮನೆಯಲ್ಲಿ ಕೂತು ಅವನು ಕೊಟ್ಟ ನೀರನ್ನು ಕುಡಿಯುವದಕ್ಕೂ, ಅವನ ಮಗಳ ಮದುವೆಗೆ ಮುಂದೆ ನಿಲ್ಲುವದಕ್ಕೂ ಹಣ ಬೇಕಾಗಿಲ್ಲ. ಮುಂದಿನ ಆದಿತ್ಯವಾರದೊಳಗೆ ನಾವು ಒಬ್ಬೊಬ್ಬರು ನಮ್ಮ ಊರಿನಲ್ಲಿ ಯಾರೂ ಹೊಸ್ತಿಲು ತುಳಿಯದ ಮನೆ ಯಾವದೆಂದು ವಿಚಾರಿಸೋಣ. ವಿಚಾರಿಸಿ ಅಲ್ಲಿಗೆ ಹೋಗೋಣ. ನಮ್ಮನ್ನು ಮೊದಲು ಮುಟ್ಟಿದ ಕರ್ತನು ತಾನೇ ನಮ್ಮ ಕೈಗಳನ್ನು ನಡಿಸಲಿ.